ಎಂಪಿಸಿ ಆಪ್: ಗ್ರೀನ್ ಕಾರ್ಡ್ ಇದ್ದರೆ ಹಾಕಿಕೊಳ್ಳಿ, ಎಚ್-1ಬಿ ಆದರೆ ಇದು ನಿಮಗಲ್ಲ

ಗ್ರೀನ್ ಕಾರ್ಡ್ ಬಂದಾಗಿನಿಂದ, ಊರಿಗೆ ಹೋಗಿ ಅಮೆರಿಕಕ್ಕೆ ವಾಪಸ್ ಬರುವಾಗೆಲ್ಲ ಏರ್‌ಪೋರ್ಟಿನ ಇಮಿಗ್ರೇಷನ್ ಕ್ಯೂ ಚಿಕ್ಕದಾಗಲಿ ಅಂತ ನಾನು ಬಳಸುವುದು ಮೊಬೈಲ್ ಪಾಸ್‌ಪೋರ್ಟ್ ಕಂಟ್ರೋಲ್ (ಎಂಪಿಸಿ) ಆಪ್. ಅಲ್ಲಿನ ಗಡಿ ಇಲಾಖೆ ಸಿಬಿಪಿಯದ್ದೇ. ದುಡ್ಡು ಕೊಡಬೇಕಿಲ್ಲ, ಮುಂಚೆ ಅರ್ಜಿ ಹಾಕಬೇಕಿಲ್ಲ, ಇಂಟರ್‌ವ್ಯೂ ಕೂಡ ಇಲ್ಲ.

ಮನೆಯವರೆಲ್ಲರ ಪಾಸ್‌ಪೋರ್ಟ್ ವಿವರ ಮೊದಲೇ ತುಂಬಿಸಿಡಬಹುದು, ಒಂದು ಫೋನಿನಲ್ಲಿ 12 ಜನರ ತನಕ. ವಿಮಾನ ಇಳಿದ ಮೇಲೆ ಏರ್‌ಪೋರ್ಟ್ ಆರಿಸಿ, ಕಸ್ಟಮ್ಸ್ ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಎಲ್ಲರ ಫೋಟೋ ತೆಗೆದು ಕಳಿಸಿದರೆ ಆಯಿತು. ಆ ಫೋಟೋದ್ದೇ ಪೇಚಾಟ. ರಾತ್ರಿಯೆಲ್ಲ ರಚ್ಚೆ ಹಿಡಿದು ಕೊನೆಗೆ ಹೆಗಲ ಮೇಲೆ ನಿದ್ದೆ ಹೋದ ಮಗುವಿನ ಗದ್ದ ಹಿಡಿದೆತ್ತಿ, ಒಂದೇ ಕೈಯಲ್ಲಿ ಫೋನ್ ನೆಟ್ಟಗೆ ಹಿಡಿದು, ಹಿಂದಿನವರು ತಳ್ಳುತ್ತಿರುವಾಗ ಕ್ಲಿಕ್ ಮಾಡಬೇಕು. ವಿಮಾನ ಗೇಟಿಗೆ ಬರುವ ಮೊದಲೇ, ಸೀಟಿನಲ್ಲಿ ಕೂತೇ ಮುಗಿಸಿಬಿಡಿ.

ಆಹಾರ ತಂದಿದ್ದೀರಾ ಅನ್ನುವ ಪ್ರಶ್ನೆಗೆ ನಮ್ಮವರು ತುಂಬಾ ಹೆದರುತ್ತಾರೆ. ಚಟ್ನಿಪುಡಿ, ಸಾರಿನ ಪುಡಿ, ಕೋಡುಬಳೆ ಇದ್ದರೆ ಸುಮ್ನೆ ಹೌದು ಅನ್ನಿ. ಹೌದು ಅಂದ ಮಾತ್ರಕ್ಕೆ ಯಾರೂ ಕಿತ್ತುಕೊಳ್ಳುವುದಿಲ್ಲ, ಏನಿದೆ ಅಂತ ಕೇಳುತ್ತಾರೆ ಅಷ್ಟೇ. ಇಲ್ಲ ಅಂದು ಬ್ಯಾಗಿನಲ್ಲಿ ಮಾವಿನಹಣ್ಣು ಸಿಕ್ಕರೆ ದಂಡ ಬೀಳಬಹುದು. ಹತ್ತು ಸಾವಿರ ಡಾಲರ್‌ಗಿಂತ ಜಾಸ್ತಿ ನಗದು ಇದ್ದರೂ ಹೇಳಲೇಬೇಕು.

ಆಪ್‌ನಲ್ಲಿ ಎಲ್ಲ ತುಂಬಿದೆ ಅಂತ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಒಳಗೆಲ್ಲೋ ತುರುಕಬೇಡಿ. ಕೌಂಟರಿನಲ್ಲಿ ಎರಡೂ ಕೇಳುತ್ತಾರೆ. ಒಳಗೆ ಬಿಡುವುದೋ ಬೇಡವೋ ಅನ್ನುವುದು ಆಫೀಸರ್ ಕೈಯಲ್ಲೇ ಇದೆ. ಆಪ್‌ನಿಂದ ಕ್ಯೂ ಚಿಕ್ಕದಾಗುತ್ತದೆ, ಬೇರೇನೂ ಆಗುವುದಿಲ್ಲ. ಅದೂ ಎಲ್ಲ ಕಡೆ ಅಲ್ಲ. ಒಂದು ದೊಡ್ಡ ಏರ್‌ಪೋರ್ಟಿನಲ್ಲಿ ಎಂಪಿಸಿ ಲೈನ್ ಎಲ್ಲಿದೆ ಅನ್ನುವ ಬೋರ್ಡೇ ಕಾಣಲಿಲ್ಲ, ಮಾಮೂಲಿ ಕ್ಯೂನಲ್ಲಿ ಅರ್ಧ ದಾರಿ ಸಾಗಿದ ಮೇಲೆ ಯಾರೋ ಪುಣ್ಯಾತ್ಮರು ಕೈ ತೋರಿಸಿದರು.

ದೊಡ್ಡ ಕೊರತೆ ಅಂದರೆ ಯಾರು ಬಳಸಬಹುದು ಅನ್ನುವುದು. ಅಮೆರಿಕದ ಪ್ರಜೆಗಳು, ಗ್ರೀನ್ ಕಾರ್ಡಿನವರು, ಪ್ರವಾಸಕ್ಕೆ ಬರುವ ಕೆನಡಾದವರು, ವೀಸಾ ಇಲ್ಲದೆ ಬರಬಹುದಾದ ದೇಶಗಳಿಂದ ಹಿಂದೊಮ್ಮೆ ಬಂದು ಹೋಗಿ ಮತ್ತೆ ಬರುವವರು, ಇಷ್ಟೇ. ನಮ್ಮ ಪಾಸ್‌ಪೋರ್ಟಿನಲ್ಲಿ ಎಚ್-1ಬಿ ಅನ್ನುವ ಕೆಲಸದ ವೀಸಾ ಅಥವಾ ವಿಸಿಟರ್ ವೀಸಾ ಇದ್ದರೆ ಇಲ್ಲ. ಅಪ್ಪ ಅಮ್ಮನನ್ನು ಜೊತೆಗೆ ಕರೆತಂದರೆ ಅವರಿಗೂ ಇಲ್ಲ. ಎಚ್-1ಬಿಯವರು ಗ್ಲೋಬಲ್ ಎಂಟ್ರಿ ನೋಡಿ, ಮೊದಲೇ ಪರಿಶೀಲನೆ ಮಾಡಿಸಿಕೊಂಡವರನ್ನು ಬೇಗ ಒಳಗೆ ಬಿಡುವ ಸಿಬಿಪಿಯದ್ದೇ ವ್ಯವಸ್ಥೆ ಅದು, 2017ರಿಂದ ಭಾರತೀಯರಿಗೂ ಇದೆ. 120 ಡಾಲರ್, ಐದು ವರ್ಷ. ಆದರೆ ಪರಿಶೀಲನೆ, ಇಂಟರ್‌ವ್ಯೂ ಅಪಾಯಿಂಟ್‌ಮೆಂಟ್ ಅಂತ ತಾಳ್ಮೆ ಬೇಕು.

ಇದೇ ಇಲಾಖೆಯ ಸಿಬಿಪಿ ಒನ್ ಅನ್ನುವ ಇನ್ನೊಂದು ಆಪ್ ನೆನಪಿರಬಹುದು. ರಸ್ತೆ ಗಡಿಯಲ್ಲಿ ಒಳಬರುವ ವಿದೇಶಿಯರಿಗೆ ಬೇಕಾದ ಐ-94 ಅನ್ನುವ ಪ್ರವೇಶ ದಾಖಲೆಗೆ ಅದರಲ್ಲಿ ಮೊದಲೇ ಅರ್ಜಿ ಹಾಕಬಹುದಿತ್ತು. 2023ರಿಂದ ಮೆಕ್ಸಿಕೊದಲ್ಲಿ ಕಾಯುತ್ತಿದ್ದ ಆಶ್ರಯ ಬೇಡುವವರಿಗೆ ಅಪಾಯಿಂಟ್‌ಮೆಂಟ್ ಕೊಡುತ್ತಿದ್ದುದೂ ಅದೇ, ದಿನಕ್ಕೆ 1,450ರ ತನಕ. 2025ರ ಜನವರಿ 20ರಂದು ಅದು ನಿಂತಿತು, ಕೈಯಲ್ಲಿದ್ದ ಅಪಾಯಿಂಟ್‌ಮೆಂಟೂ ರದ್ದಾದವು. ಮಾರ್ಚ್‌ನಲ್ಲಿ ಹೆಸರು ಸಿಬಿಪಿ ಹೋಮ್ ಆಯಿತು, ದೇಶ ಬಿಟ್ಟು ಹೋಗುತ್ತೇನೆ ಅಂತ ತಿಳಿಸುವ ಬಟನ್ ಬಂತು. ನಾವು ಅರ್ಧ ಗಂಟೆ ಕ್ಯೂ ಉಳಿಯಿತಾ ಅಂತ ಸ್ಟಾರ್ ಕೊಡುತ್ತಾ ಕೂತಿದ್ದೇವೆ, ಆಶ್ರಯ ಬೇಡುತ್ತಿದ್ದ ಅವರಿಗೆ ಫೋನಿನಲ್ಲಿದ್ದದ್ದೇ ಬಾಗಿಲು.

ಐ-94 ಈಗಲೂ ಸಿಬಿಪಿ ಹೋಮ್‌ನಲ್ಲಿದೆ. ಅಪ್ಪ ಅಮ್ಮನನ್ನು ಕಾರಿನಲ್ಲಿ ಕೆನಡಾ ಕಡೆಯ ನಯಾಗರಕ್ಕೆ ಕರೆದೊಯ್ಯುವವರು, ಅಲ್ಲಿನ ವೀಸಾ ಜೊತೆಗೆ ಇದನ್ನೂ ಒಮ್ಮೆ ನೋಡಿಕೊಂಡು ಹೊರಡಿ.

ಎಂಪಿಸಿಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು.