ಹಳೆಯ ವಿಡಿಯೋ ತೋರಿಸಿ ‘ನೇರ ಪ್ರವಾಸ’ ಎನ್ನುತ್ತಾರೆ: ಮನೆಯಲ್ಲೇ ಮಕ್ಕಳನ್ನು ಓದಿಸುವ ಪಾಲಕರೇ, ಹಣ ಕಟ್ಟುವ ಮೊದಲು ಓದಿ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತಿರುವ ಪಾಲಕರು, ಅದರಲ್ಲೂ ನಮ್ಮ ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರ ಕಡೆಯವರು, ವರ್ಚುವಲ್ ಫೀಲ್ಡ್ ಟ್ರಿಪ್ (ಮನೆಯಲ್ಲೇ ಕುಳಿತು ಪರದೆಯ ಮೇಲೆ ಮಾಡುವ ಕಲಿಕೆಯ ಪ್ರವಾಸ) ಪ್ಯಾಕೇಜ್ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಜಾಹೀರಾತುಗಳಿಗೆ ಹಣ ಕಟ್ಟುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮಿಂದ 5,400 ರೂಪಾಯಿ ಕಟ್ಟಿಸಿಕೊಂಡ ಒಂದು ಸಂಸ್ಥೆ, ಅಂತರಜಾಲದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದಾದ ದೃಶ್ಯಗಳ ಹಳೆಯ ಮುದ್ರಿಕೆಗಳನ್ನು ‘ಇದೀಗ ಅಮೆರಿಕದಿಂದ ನೇರವಾಗಿ’ ಎಂದು ನಮ್ಮ ಮಕ್ಕಳಿಗೆ ತೋರಿಸಿದೆ. ಹಣ ಹೋದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚುತ್ತಿರುವುದು ಬೇರೆ. ನನ್ನ ಮಾತು ಕೇಳಿ ಕುಮಟಾದ ಎರಡು ಮನೆಯವರೂ ಇದೇ ಪ್ಯಾಕೇಜಿಗೆ ಸೇರಿದ್ದರು, ಅವರಿಗೆ ಫೋನ್ ಮಾಡಿ ನಡೆದದ್ದನ್ನು ತಿಳಿಸುವಾಗ ನನಗೆ ಬಾಯಿಯೇ ಬರಲಿಲ್ಲ.

ಇಂಥ ಆನ್‌ಲೈನ್ ಪ್ರವಾಸಗಳು ಸಾಮಾನ್ಯವಾಗಿ ಹೇಗಿರುತ್ತವೆ ಎಂಬುದು ನಿಮಗೆ ಗೊತ್ತೇ ಇದೆ. ಒಂದು ವಸ್ತುಸಂಗ್ರಹಾಲಯದ ಅಥವಾ ಉದ್ಯಾನದ ಸಿಬ್ಬಂದಿಯೇ ಪರದೆಯ ಮೇಲೆ ಬರುತ್ತಾರೆ, ಮಕ್ಕಳ ಹೆಸರು ಹಿಡಿದು ಮಾತನಾಡಿಸುತ್ತಾರೆ, ಮಗು ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತಾರೆ, ‘ಆ ಮೂಲೆಯಲ್ಲಿರುವುದನ್ನು ತೋರಿಸಿ’ ಎಂದರೆ ಕ್ಯಾಮೆರಾವನ್ನು ಅತ್ತ ತಿರುಗಿಸುತ್ತಾರೆ. ದುಡ್ಡು ಕೊಡುವುದೇ ಈ ಮಾತುಕತೆಗಾಗಿ. ಬರೀ ನೋಡುವುದಾದರೆ ದುಡ್ಡೇ ಬೇಕಾಗಿಲ್ಲ. ಗೂಗಲ್ ಆರ್ಟ್ಸ್ ಆ್ಯಂಡ್ ಕಲ್ಚರ್‌ನಲ್ಲಿ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಿಂದ ಹಿಡಿದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂವರೆಗೆ ಎಷ್ಟೋ ಇದೆ, ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ನಿಸರ್ಗ ಇತಿಹಾಸ ಸಂಗ್ರಹಾಲಯದ ಕೋಣೆಕೋಣೆಯನ್ನೂ ಅವರದೇ ತಾಣದಲ್ಲಿ ಸುತ್ತಬಹುದು.

ಆದರೂ ನಾವು ಸೇರಿದ್ದು ‘ನೇರ’ ಎಂಬ ಒಂದೇ ಕಾರಣಕ್ಕೆ. ಜಾಹೀರಾತಿನಲ್ಲಿ ದಪ್ಪ ಅಕ್ಷರಗಳಲ್ಲಿ ಹಾಗೆಯೇ ಬರೆದಿದ್ದರು: ನೇರ ಪ್ರಸಾರ, ನೇರ ಮಾರ್ಗದರ್ಶಕರು, ಮಕ್ಕಳು ನೇರವಾಗಿ ಪ್ರಶ್ನೆ ಕೇಳಬಹುದು. ಕ್ಯಾಲಿಫೋರ್ನಿಯಾದ ಮಾಂಟೆರೇ ಬೇ ಅಕ್ವೇರಿಯಂ, ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ, ಇನ್ನೂ ಹಲವು ಸ್ಥಳಗಳ ಪಟ್ಟಿ ಇತ್ತು. ಜೊತೆಗೆ ಫೋನನ್ನು ಒಳಗಿಟ್ಟು ಕಣ್ಣಿಗೆ ಹಿಡಿದು ನೋಡುವ ರಟ್ಟಿನ ಪೆಟ್ಟಿಗೆಯೊಂದನ್ನು ಕೊರಿಯರ್ ಮಾಡುತ್ತೇವೆ ಎಂದರು, ಕೊನೆಯಲ್ಲಿ ಒಂದು ಪ್ರಮಾಣಪತ್ರ ಕೊಡುತ್ತೇವೆ, ಅದು ಮುಂದೆ ಮುಕ್ತ ಶಾಲೆಯ ಪರೀಕ್ಷೆಗೆ ಹೆಸರು ನೋಂದಾಯಿಸುವಾಗ ಬೇಕಾಗುತ್ತದೆ ಎಂದೂ ಹೇಳಿದರು. ಈ ಪ್ರಮಾಣಪತ್ರದ ವಿಷಯಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ನಮ್ಮಂಥವರ ಭಯವನ್ನು ಅವರು ಬಂಡವಾಳ ಮಾಡಿಕೊಂಡಿರುವುದು ಅಲ್ಲಿಯೇ.

ರಟ್ಟಿನ ಪೆಟ್ಟಿಗೆ ಬಂತು. ಅದರ ಮೇಲಿದ್ದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಏನೂ ತೆರೆದುಕೊಳ್ಳಲಿಲ್ಲ. ಜೊತೆಗಿದ್ದ ಸೂಚನೆಯ ಹಾಳೆಯಲ್ಲಿ ದೂರದ ಸ್ಥಳಗಳನ್ನು ಫೋನಿನಲ್ಲೇ ಸುತ್ತಿಸುವ ಗೂಗಲ್ ಎಕ್ಸ್‌ಪೆಡಿಶನ್ಸ್ ಎಂಬ ಆ್ಯಪ್ ಹಾಕಿಕೊಳ್ಳಲು ಹೇಳಿತ್ತು. ಆ ಆ್ಯಪನ್ನು ಗೂಗಲ್ 2021ರ ಜೂನ್ 30ಕ್ಕೇ ನಿಲ್ಲಿಸಿದೆ. ಇದನ್ನು ಕೇಳಿದಾಗ ಆ ಸಂಸ್ಥೆಯ ಸಂಯೋಜಕಿಯವರು “ಅದು ಹಳೇ ಸ್ಟಾಕ್ ಮೇಡಂ, ಪೆಟ್ಟಿಗೆ ಉಚಿತವಾಗಿ ಕೊಟ್ಟಿದ್ದು, ಮುಖ್ಯ ಏನಿದ್ರೂ ಲೈವ್ ಸೆಷನ್” ಎಂದು ಉತ್ತರಿಸಿದರು.

ಮಳೆಗಾಲದಲ್ಲಿ ನಮ್ಮೂರಿನ ಪರಿಸ್ಥಿತಿ ನಿಮಗೆ ಹೇಳಬೇಕಾಗಿಲ್ಲ. ತೋಟದ ಅಂಚಿನ ಮರ ಲೈನ್ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು, ಇನ್ವರ್ಟರ್ ಇದ್ದರೂ ಟವರ್ ಸತ್ತ ಮೇಲೆ ಮಾಡುವುದೇನೂ ಇರುವುದಿಲ್ಲ. ಆಷಾಢದ ಒಂದು ದಿನ ಹಾಗೆಯೇ ಆಯಿತು, ಮಾಂಟೆರೇ ಬೇ ಅಕ್ವೇರಿಯಂನ ಕೆಲ್ಪ್ ಕಾಡನ್ನು (ಕೆಲ್ಪ್ ಎಂದರೆ ನೀರಿನೊಳಗೆ ಮರದಂತೆ ಎತ್ತರ ಬೆಳೆಯುವ ಕಡಲಪಾಚಿ) ನೋಡಲು ಬೆಳಿಗ್ಗೆಯಿಂದ ಕಾದಿದ್ದ ಮಕ್ಕಳಿಬ್ಬರಿಗೂ ಅದು ತಪ್ಪಿಹೋಯಿತು. ಮುದ್ರಿಕೆಯನ್ನಾದರೂ ಕಳಿಸಿ ಎಂದು ಬೇಡಿಕೊಂಡೆ. ಅದಕ್ಕೆ ಬಂದ ಉತ್ತರವನ್ನು ನಾನಿನ್ನೂ ಇಟ್ಟುಕೊಂಡಿದ್ದೇನೆ: “ಮೇಡಂ, ಇದು ಲೈವ್ ಆಗಿ ನಡೆಯೋದು, ರೆಕಾರ್ಡಿಂಗ್ ಇರೋದಿಲ್ಲ. ಮಿಸ್ ಆದ್ರೆ ಮಿಸ್ ಆದ ಹಾಗೇ.” ಈ ಉತ್ತರವನ್ನು ನೆನಪಿಟ್ಟುಕೊಳ್ಳಿ. ಮುದ್ರಿಕೆಯೇ ಇಲ್ಲ ಎಂದು ಹೇಳಿ ನನ್ನ ಮಗನನ್ನು ಅಳಿಸಿದವರು ಅವನಿಗೆ ತೋರಿಸಬೇಕಾಗಿದ್ದದ್ದೇ ಒಂದು ಮುದ್ರಿಕೆಯನ್ನು.

ಗೊತ್ತಾದದ್ದು ಯೆಲ್ಲೋಸ್ಟೋನ್ ‘ಪ್ರವಾಸ’ದ ದಿನ. ಬೆಳಗಿನ ಹನ್ನೊಂದು ಗಂಟೆ. ಸಿಗ್ನಲ್ ಸಿಗುವುದು ಜಗುಲಿಯ ಒಂದು ಮೂಲೆಯಲ್ಲಿ ಮಾತ್ರವಾದ್ದರಿಂದ ಲ್ಯಾಪ್‌ಟಾಪನ್ನು ಅಲ್ಲಿಟ್ಟುಕೊಂಡು ಮಕ್ಕಳು ಕುಳಿತಿದ್ದರು, ನಮ್ಮ ಅತ್ತೆಯೂ ಅಡಿಕೆ ಆರಿಸುವುದನ್ನು ಬಿಟ್ಟು ನೋಡಲು ಬಂದಿದ್ದರು. ಪರದೆಯ ಮೇಲೆ ಓಲ್ಡ್ ಫೇತ್‌ಫುಲ್ ಎಂಬ ಪ್ರಸಿದ್ಧ ಬಿಸಿನೀರಿನ ಚಿಲುಮೆ, ನೀಲಿ ಆಕಾಶ, ಕಣ್ಣು ಕುಕ್ಕುವ ಬಿಸಿಲು, ಬೆಂಚುಗಳ ಮೇಲೆ ಟೋಪಿ ಹಾಕಿಕೊಂಡು ಕುಳಿತ ಜನ. ಮಾರ್ಗದರ್ಶಕರು “ಎಲ್ರೂ ಮೂರರವರೆಗೆ ಎಣಿಸಿ” ಎಂದರು, ಮಕ್ಕಳು ಎಣಿಸಿದರು, ಮೂರು ಎನ್ನುತ್ತಿದ್ದಂತೆ ಚಿಲುಮೆ ಚಿಮ್ಮಿತು. ಮಗ ಚಪ್ಪಾಳೆ ತಟ್ಟಿದ. ಮಗಳು ಮಾತ್ರ ಸುಮ್ಮನೆ ಕುಳಿತಿದ್ದಳು. ಭೂಮಿ ತಿರುಗುವ ಪಾಠವನ್ನು ಗ್ಲೋಬ್ ಮತ್ತು ಟಾರ್ಚ್ ಇಟ್ಟುಕೊಂಡು ನಾವು ಆಗಷ್ಟೇ ಮುಗಿಸಿದ್ದೆವು. ಅವಳು ನನ್ನತ್ತ ತಿರುಗಿ, “ಆಯಿ, ಅಲ್ಲಿ ಈಗ ರಾತ್ರಿ ಆಗಿರವು ಅಲ್ದನೇ? ಬಿಸಿಲು ಎಂತಕೆ ಇದ್ದು?” ಎಂದು ಕೇಳಿದಳು.

ನನ್ನ ಕೈಕಾಲು ತಣ್ಣಗಾದವು. ಯೆಲ್ಲೋಸ್ಟೋನ್ ಗಡಿಯಾರ ನಮ್ಮದಕ್ಕಿಂತ ಬೇಸಿಗೆಯಲ್ಲಿ ಹನ್ನೊಂದೂವರೆ ಗಂಟೆ, ಚಳಿಗಾಲದಲ್ಲಿ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ನಮಗೆ ಬೆಳಗಿನ ಹನ್ನೊಂದಾದಾಗ ಅಲ್ಲಿ ಹಿಂದಿನ ದಿನದ ರಾತ್ರಿ ಹನ್ನೊಂದೂವರೆ. ಕಗ್ಗತ್ತಲೆ. ಹತ್ತು ವರ್ಷದ ಮಗುವಿಗೆ ಹೊಳೆಯುವ ಈ ಸತ್ಯ ಬೇರೆಯವರಿಗೆ ಹೊಳೆಯುವುದಿಲ್ಲ ಎಂಬ ಧೈರ್ಯದಲ್ಲಿ ಆ ಸಂಸ್ಥೆ ತನ್ನ ವೇಳಾಪಟ್ಟಿಯನ್ನೇ ಮಾಡಿದೆ. ಚಿಲುಮೆಯ ವಿಷಯವೂ ಅಷ್ಟೆ. ಅದು ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ, ಹತ್ತು ನಿಮಿಷ ಆಚೀಚೆ ಆಗಬಹುದು ಎಂದು ಹೇಳಿಯೇ ಅಲ್ಲಿಯ ಉದ್ಯಾನದವರು ಸಮಯದ ಅಂದಾಜು ಕೊಡುತ್ತಾರೆ. ಮೂರು ಎಣಿಸಿ ಚಿಮ್ಮಿಸಲು ಯಾರಿಂದಲೂ ಆಗದು.

ಆ ಮೇಲೆ ನಾನು ಪರದೆಯನ್ನು ಬಿಟ್ಟು ಕಣ್ಣು ತೆಗೆಯಲಿಲ್ಲ. ಚಿತ್ರದ ಎಡಗಡೆಯ ಕೆಳಮೂಲೆಯಲ್ಲಿ ಒಂದು ಚೌಕಾಕಾರದ ಮಸುಕು ಇತ್ತು, ಯಾವುದೋ ಲಾಂಛನವನ್ನು ಮುಚ್ಚಿದಂತೆ. ಸ್ವಲ್ಪ ಹೊತ್ತಿಗೆ ಮಾರ್ಗದರ್ಶಕರ ಫೋನ್ ರಿಂಗಾಯಿತು, ಅವರ ಕೈ ಮೌಸ್‌ಗೆ ತಾಗಿರಬೇಕು, ಬಿಳಿಯ ಬಾಣವೊಂದು ಆಕಾಶದ ಮೇಲೆ ಓಡಿತು, ಅದರ ಬೆನ್ನಿಗೇ ಪರದೆಯ ಕೆಳಗೆ ವಿಡಿಯೋ ಎಷ್ಟು ಓಡಿದೆ ಎಂದು ತೋರಿಸುವ ಕೆಂಪು ಗೆರೆ ಮೂಡಿ ಮಾಯವಾಯಿತು. ಆ ಗೆರೆಯನ್ನು ನಾನು ನೋಡಿದೆ, ಮಗಳು ನೋಡಿದಳು. ಅತ್ತೆ “ಏನಾತು?” ಎಂದು ಕೇಳಿದರು. ಶಾಲೆಗೆ ಕಳಿಸದೆ ಮಕ್ಕಳ ಭವಿಷ್ಯ ಹಾಳು ಮಾಡುತ್ತೀಯಾ ಎಂದು ನೆಂಟರೆಲ್ಲ ಕೇಳುತ್ತಿರುವಾಗ ನನ್ನ ಪರವಾಗಿ ನಿಂತ ಹಿರಿಯರು ಅವರೊಬ್ಬರೇ. ಅವರೆದುರಿಗೆ ಉತ್ತರ ಹೇಳಲಾಗದೆ ನಾನು ಎದ್ದು ಒಳಗೆ ಹೋದೆ.

ಅಂದೇ ಸಂಯೋಜಕಿಯವರಿಗೆ ಬರೆದೆ. ಅಲ್ಲಿಂದ ಬಂದ ಉತ್ತರಗಳನ್ನು ಇಲ್ಲಿ ಕೊಡುತ್ತಿದ್ದೇನೆ, ನಿಮಗೂ ಇವೇ ಉತ್ತರಗಳು ಬರುತ್ತವೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮೊದಲನೆಯದು: “ಮೇಡಂ, ಅಲ್ಲಿಯ ಕ್ಯಾಮೆರಾಗಳು ತುಂಬಾ ಹೈ ಕ್ವಾಲಿಟಿ, ರಾತ್ರೀನೂ ಹಗಲಿನ ಹಾಗೇ ಕಾಣಿಸುತ್ತೆ.” ಬೆಂಚಿನ ಮೇಲೆ ಕುಳಿತವರ ನೆರಳು ನೆಲದ ಮೇಲೆ ಬಿದ್ದಿತ್ತಲ್ಲ, ಅದು ಯಾವ ಕ್ಯಾಮೆರಾದಿಂದ ಬಂತು ಎಂದು ಕೇಳಿದೆ. ಅದಕ್ಕೆ: “ನಿಮ್ಮ ಕಡೆ ನೆಟ್‌ವರ್ಕ್ ವೀಕ್ ಇರೋದ್ರಿಂದ ಸ್ವಲ್ಪ ಡಿಲೇ ಆಗಿರಬಹುದು.” ಎಷ್ಟು ಡಿಲೇ? ಹನ್ನೆರಡು ಗಂಟೆಯಷ್ಟು ಡಿಲೇ ಯಾವ ಹಳ್ಳಿಯ ನೆಟ್‌ವರ್ಕಿನಲ್ಲೂ ಆಗುವುದಿಲ್ಲ, ಶಿರಸಿಯ ಹಳ್ಳಿ ಎಂದ ಮಾತ್ರಕ್ಕೆ ನಮಗೆ ಅಷ್ಟೂ ತಿಳಿಯುವುದಿಲ್ಲ ಎಂದು ಅವರು ಭಾವಿಸಿದ್ದರು. ಕೆಂಪು ಗೆರೆಯ ವಿಷಯ ಎತ್ತಿದ ಮೇಲೆ ಉತ್ತರ ಬದಲಾಯಿತು: “ಲೈವ್ ಅಂದ್ರೆ ನಮ್ಮ ಗೈಡ್ ಲೈವ್ ಆಗಿ ಮಾತಾಡ್ತಾರೆ ಅಂತ ಮೇಡಂ. ಬೇರೆ ಯಾವ ಪೇರೆಂಟ್ಸೂ ಇದನ್ನ ಇಶ್ಯೂ ಮಾಡಿಲ್ಲ. ಮಕ್ಕಳು ಖುಷಿಪಟ್ರಲ್ವಾ?”

ಮಕ್ಕಳು ಖುಷಿಪಟ್ಟರಲ್ಲ ಎಂಬ ಈ ಮಾತನ್ನು ನಾನು ಮರೆಯಲಾರೆ. ಮಗುವಿಗೆ ಸುಳ್ಳು ಹೇಳಿ, ಆ ಸುಳ್ಳಿಗೆ ಅದು ಚಪ್ಪಾಳೆ ತಟ್ಟಿತು ಎಂಬುದನ್ನೇ ಸಮರ್ಥನೆಯಾಗಿ ಮುಂದಿಡುವವರು ಶಿಕ್ಷಣದ ಹೆಸರೆತ್ತಲು ಯೋಗ್ಯರಲ್ಲ. ಹಣ ವಾಪಸು ಕೇಳಿದಾಗ ಷರತ್ತುಗಳಲ್ಲಿ ಮರುಪಾವತಿ ಇಲ್ಲವೆಂದರು, ಬೇಕಾದರೆ ಮುಂದಿನ ಬ್ಯಾಚಿನಲ್ಲಿ ಹೊಂದಿಸಿಕೊಡುತ್ತೇವೆ ಎಂದರು. ವಿಷಯವನ್ನು ಪಾಲಕರ ಗುಂಪಿನಲ್ಲಿ ಕೇಳಿದೆ, ಕೆಲವೇ ನಿಮಿಷಗಳಲ್ಲಿ ನನ್ನನ್ನು ಗುಂಪಿನಿಂದ ತೆಗೆದುಹಾಕಿದರು. ಕುಮಟಾದವರು ನನ್ನ ಪರವಾಗಿ ಬರೆದದ್ದಕ್ಕೆ ಅವರನ್ನೂ ತೆಗೆದರು.

ಹುಡುಕಿದರೆ ಎಲ್ಲವೂ ಸಿಕ್ಕಿತು. ಓಲ್ಡ್ ಫೇತ್‌ಫುಲ್ ಎದುರು ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಯೇ ಕ್ಯಾಮೆರಾ ಇಟ್ಟಿದೆ, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಮಾಂಟೆರೇ ಬೇ ಅಕ್ವೇರಿಯಂ ತನ್ನ ಕೆಲ್ಪ್ ಕಾಡು, ಕಡಲ ನೀರುನಾಯಿ, ಅಂಬಲಿ ಮೀನುಗಳ ನೇರ ದೃಶ್ಯವನ್ನು ಪುಕ್ಕಟೆ ತೋರಿಸುತ್ತದೆ. ಹಗಲನ್ನು ನೋಡಬೇಕೆಂದರೆ ನಾವು ರಾತ್ರಿ ಊಟದ ಹೊತ್ತಿಗೆ, ಎಂಟೂವರೆಯ ನಂತರ ಕೂರಬೇಕು, ಅಷ್ಟೇ. ಈಗ ನಾವು ಹಾಗೆಯೇ ನೋಡುತ್ತಿದ್ದೇವೆ. ನಿಜವಾದ ಚಿಲುಮೆ ಕಾಯಿಸುತ್ತದೆ, ಕೆಲವೊಮ್ಮೆ ಮಂಜು ಮುಚ್ಚಿ ಏನೂ ಕಾಣುವುದಿಲ್ಲ, ಮಗ ಅಲ್ಲೇ ನಿದ್ದೆ ಹೋಗುತ್ತಾನೆ. ಆದರೂ ಅದು ನಿಜ.

ಇನ್ನು ಪ್ರಮಾಣಪತ್ರ. ಮಕ್ಕಳು ಶಾಲೆಗೆ ಹೋಗುತ್ತಿಲ್ಲ, ನಾಳೆ ಯಾರಾದರೂ ದಾಖಲೆ ಕೇಳಿದರೆ ಏನು ತೋರಿಸುವುದು ಎಂಬ ಅಳುಕು ನಮ್ಮೆಲ್ಲರಲ್ಲೂ ಇದೆ, ಅದನ್ನು ಬಲ್ಲವರೇ ಈ ಪ್ರಮಾಣಪತ್ರವನ್ನು ಮಾರುತ್ತಿದ್ದಾರೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ಹತ್ತನೆಯ ತರಗತಿಯ ಮಟ್ಟಕ್ಕೆ ಸೇರಲು ಮಗುವಿಗೆ 14 ವರ್ಷ ತುಂಬಿರಬೇಕು, ವಯಸ್ಸಿನ ದಾಖಲೆ ಬೇಕು, ಎಂಟನೆಯ ತರಗತಿಯ ಪ್ರಮಾಣಪತ್ರ ಇಲ್ಲದಿದ್ದರೆ ಆ ಮಟ್ಟದ ಓದನ್ನು ಓದಬಲ್ಲೆ ಎಂಬ ಸ್ವಯಂ ದೃಢೀಕರಣ ಸಾಕು. ಪ್ರವಾಸದ ಪ್ರಮಾಣಪತ್ರವನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಬಣ್ಣದ ಅಂಚಿನ ಆ ಕಾಗದಕ್ಕೆ ಮೂರು ಕಾಸಿನ ಬೆಲೆಯಿಲ್ಲ.

ಹಾಗಾಗಿ ಸೇರುವವರು ಇಷ್ಟು ಮಾಡಿ. ಪ್ರವಾಸದ ಸ್ಥಳದಲ್ಲಿ ಆ ಹೊತ್ತಿಗೆ ಎಷ್ಟು ಗಂಟೆ ಎಂದು ಮೊದಲು ನೋಡಿ. ಅಮೆರಿಕದ ಪೂರ್ವ ತೀರದಲ್ಲಿ ಬೆಳಗಿನ 9 ಗಂಟೆಯಾದಾಗ ನಮಗೆ ಸಂಜೆ 6.30 ಅಥವಾ 7.30, ಬೆಳಿಗ್ಗೆ ಹನ್ನೊಂದಕ್ಕೆ ಅಮೆರಿಕದ ಹಗಲು ತೋರಿಸುತ್ತೇವೆ ಎನ್ನುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಮಾರ್ಗದರ್ಶಕರಿಗೆ ಕ್ಯಾಮೆರಾ ತಿರುಗಿಸಲು ಹೇಳಿ. ಒಟ್ಟು ಹಣವನ್ನು ಮುಂಗಡ ಕಟ್ಟಬೇಡಿ. ನಾವು ಕಟ್ಟಿದ ಹಣದಲ್ಲಿ ಮಕ್ಕಳನ್ನು ಬಸ್ಸಿನಲ್ಲಿ ಕಾರವಾರಕ್ಕೆ ಕರೆದೊಯ್ದು ಟ್ಯಾಗೋರ್ ಕಡಲತೀರದ ಯುದ್ಧನೌಕೆ ವಸ್ತುಸಂಗ್ರಹಾಲಯ ತೋರಿಸಿ, ಇನ್ನೊಂದು ದಿನ ಬನವಾಸಿಗೂ ಹೋಗಿ ಬಂದು, ಮತ್ತೂ ಹಣ ಉಳಿಯುತ್ತಿತ್ತು ಎಂದು ಈಗ ಹೊಟ್ಟೆ ಉರಿಯುತ್ತದೆ.

2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ಒಪ್ಪಿಕೊಂಡು ಒಂದು ತಿಂಗಳೊಳಗೆ ಪರಿಹರಿಸಬೇಕು ಎಂದು ಬರೆದು ಕಳಿಸಿದ ಮೇಲೆ ಅವರ ದನಿ ಮೆತ್ತಗಾಯಿತು. ಅರ್ಧ ಹಣ ಕೊಡುತ್ತೇವೆ, ಆದರೆ ನಮ್ಮ ಪುಟದಲ್ಲಿ ಐದು ನಕ್ಷತ್ರ ಕೊಟ್ಟು ತೃಪ್ತಿಯಾಗಿದೆ ಎಂದು ಬರೆಯಬೇಕು ಎಂದರು. ನಾನು ಬರೆಯುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ. ಅಲ್ಲಿ ಬಗೆಹರಿಯದಿದ್ದರೆ ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. 2019ರ ಕಾಯ್ದೆಯ ಪ್ರಕಾರ ಸಂಸ್ಥೆ ಎಲ್ಲಿಯದೇ ಆಗಿರಲಿ, ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು, ಇಷ್ಟು ಚಿಕ್ಕ ಮೊತ್ತದ ದೂರಿಗೆ ಶುಲ್ಕವೂ ಇಲ್ಲ. ಕುಮಟಾದ ಎರಡೂ ಮನೆಯವರು ಜೊತೆಗಿದ್ದಾರೆ.

ನಾನು ದೂರು ಕೊಟ್ಟ ನಂತರ ಅವರು ಜಾಹೀರಾತಿನಲ್ಲಿದ್ದ ‘ನೇರ ಪ್ರಸಾರ’ ಎಂಬ ಸಾಲನ್ನು ಅಳಿಸಿದ್ದಾರೆ. ಹಳೆಯ ಜಾಹೀರಾತಿನ ಸ್ಕ್ರೀನ್‌ಶಾಟ್, ಹಣ ಕಟ್ಟಿದ ರಸೀದಿ, ಬೆಳಗಿನ ವೇಳೆಯನ್ನು ನಮೂದಿಸಿದ ವೇಳಾಪಟ್ಟಿ, ಇವುಗಳಲ್ಲಿ ಯಾವುದು ನಿಮ್ಮ ಫೋನಿನಲ್ಲಿದ್ದರೂ ಅಳಿಸದೆ ನನಗೆ ಕಳಿಸಿಕೊಡಿ, ದೂರಿನ ಜೊತೆಗೆ ಸೇರಿಸುತ್ತೇನೆ.