ನಿರಂತರ ಪರೀಕ್ಷೆಯೋ, ಜ್ವರದ ತಪಾಸಣೆಯೋ: 2020ರ ಎರಡು ಬೇಸ್‌ಬಾಲ್ ಲೀಗ್‌ಗಳು

ಸಾಂಕ್ರಾಮಿಕದ ನಡುವೆ ಟೂರ್ನಿ ನಡೆಸಬೇಕಾದ ಸಂಘಟಕರು ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ದಕ್ಷಿಣ ಕೊರಿಯಾದ ಕೆಬಿಒ ಲೀಗ್‌ಗಳ ಕೋವಿಡ್ ನಿಯಮಗಳನ್ನು ಜೊತೆಗಿಟ್ಟು ನೋಡುವುದು ಒಳ್ಳೆಯದು.

ಅಮೆರಿಕದಲ್ಲಿ ಆಟಗಾರರು ದಿನ ಬಿಟ್ಟು ದಿನ ಜೊಲ್ಲಿನ ಮಾದರಿ ಕೊಡಬೇಕಿತ್ತು. ಸೋಂಕು ದೃಢಪಟ್ಟವರು ಮೈದಾನಕ್ಕೆ ಮರಳಲು ಕನಿಷ್ಠ 24 ಗಂಟೆಗಳ ಅಂತರದ ಎರಡು ನೆಗೆಟಿವ್ ವರದಿಗಳು ಬೇಕಿದ್ದವು. ಇಷ್ಟು ಬಿಗಿಯಾದ ವ್ಯವಸ್ಥೆಯೂ ವರದಿ ತಡವಾದರೆ ಸೋಲುತ್ತದೆ. ಜುಲೈ 4ರ ಸ್ವಾತಂತ್ರ್ಯ ದಿನದ ರಜೆಯ ವೇಳೆ ಫಲಿತಾಂಶ ಬಾರದೆ ಕೆಲವು ತಂಡಗಳು ಅಭ್ಯಾಸವನ್ನೇ ರದ್ದುಪಡಿಸಿದವು. ಲೀಗ್‌ನ ಅಂತಿಮ ಹಣಾಹಣಿಯಾದ ವಿಶ್ವ ಸರಣಿಯ ಕೊನೆಯ ಪಂದ್ಯದಲ್ಲಂತೂ ಡಾಡ್ಜರ್ಸ್ ತಂಡದ ಜಸ್ಟಿನ್ ಟರ್ನರ್ ಏಳು ಇನಿಂಗ್ಸ್ ಆಡಿದ ಮೇಲೆ ಪಾಸಿಟಿವ್ ವರದಿ ಬಂದು, ಅವರನ್ನು ಹೊರಗೆ ಕಳುಹಿಸಲಾಯಿತು. ಜುಲೈ ಅಂತ್ಯದಲ್ಲಿ ಮಯಾಮಿ ಮಾರ್ಲಿನ್ಸ್‌ನ 18 ಆಟಗಾರರಿಗೆ ಸೋಂಕು ಹರಡಿದ್ದೂ ಇದೇ ನಿಯಮಗಳ ಅಡಿಯಲ್ಲಿಯೇ.

ಕೊರಿಯಾ ಮೇ 5ರಂದೇ ಖಾಲಿ ಕ್ರೀಡಾಂಗಣಗಳಲ್ಲಿ ಋತುವನ್ನು ಆರಂಭಿಸಿತು. ಅಲ್ಲಿ ನಿತ್ಯ ನಡೆಯುತ್ತಿದ್ದದ್ದು ಜ್ವರದ ತಪಾಸಣೆ; ರೋಗಲಕ್ಷಣ ಕಂಡವರನ್ನು ಪ್ರತ್ಯೇಕಿಸಿ ವೈರಸ್ ಪರೀಕ್ಷೆಗೆ ಒಳಪಡಿಸಲಾಗುತ್ತಿತ್ತು. ಪ್ರತಿ ತಂಡವೂ 144 ಪಂದ್ಯಗಳನ್ನು ಪೂರೈಸಿತು. ಅಮೆರಿಕದಲ್ಲಿ ನಿಗದಿಯಾಗಿದ್ದದ್ದೇ 60.

ಆದರೆ ಥರ್ಮಾಮೀಟರ್ ಗೆದ್ದಿತೆಂದು ತಿಳಿಯಬಾರದು. ಲಕ್ಷಣವಿಲ್ಲದ ಸೋಂಕನ್ನು ಅದು ಹಿಡಿಯಲಾರದು. ಕೊರಿಯಾವನ್ನು ಕಾಪಾಡಿದ್ದು ದೇಶದಾದ್ಯಂತ ನಡೆದ ಪರೀಕ್ಷೆ ಮತ್ತು ಸಂಪರ್ಕಿತರ ಪತ್ತೆ. ನಿಮ್ಮ ಊರಿನಲ್ಲಿ ಸೋಂಕು ಹತೋಟಿಯಲ್ಲಿದ್ದರೆ ಕೊರಿಯಾದ ಮಾದರಿ ಸಾಕು. ಹರಡುತ್ತಿದ್ದರೆ ಅಮೆರಿಕದ ಮಾದರಿಯೇ ಬೇಕು, ಆದರೆ ಪಂದ್ಯಕ್ಕೆ ಮುಂಚೆ ವರದಿ ಕೈಸೇರುವಷ್ಟು ಹತ್ತಿರದ ಪ್ರಯೋಗಾಲಯವನ್ನು ಮೊದಲು ಗೊತ್ತುಮಾಡಿಕೊಳ್ಳಿ.