ನಾಯಿಯ ಕಿವಿಯಲ್ಲಿ ಹುಲ್ಲು, ನನ್ನ ಕಿವಿ ಮೇಲೆ ಹೂವು

ಇದನ್ನು ಬರೆಯಲು ನಾಚಿಕೆ ಆಗುತ್ತಿದೆ. ಒಂದು ಹುಲ್ಲಿನ ಮುಳ್ಳು. ಅಷ್ಟೇ. ಅದಕ್ಕೆ ನಾನು 9 ವಾರ ಓಡಾಡಿದೆ, 6 ಸಲ ಬಿಲ್ ಕಟ್ಟಿದೆ, ವರ್ಷದ ಪ್ಲಾನ್ ಒಂದಕ್ಕೆ ಸಹಿ ಹಾಕಿದೆ, ನಾಯಿಗೆ ಇಲ್ಲದ ಕಾಯಿಲೆಯನ್ನು ಅದರ ದಾಖಲೆಯಲ್ಲಿ ಬರೆಸಿಕೊಂಡು ಬಂದೆ. ಇಷ್ಟೂ ದಿನ ಆ ಕಿವಿಯೊಳಗೆ ಒಬ್ಬರೂ ಇಣುಕಿ ನೋಡಿರಲಿಲ್ಲ. ಒಬ್ಬರೂ!

ಮೊದಲಿಂದ ಹೇಳುತ್ತೇನೆ. ನಮ್ಮ ಗುಂಡನಿಗೆ 4 ವರ್ಷ. ಒಂದು ಭಾನುವಾರ ಸಂಜೆ ಒಣಗಿದ ಎತ್ತರದ ಹುಲ್ಲಿನಲ್ಲಿ ಚೆನ್ನಾಗಿ ಓಡಾಡಿ ಬಂದ. ರಾತ್ರಿ ಹೊತ್ತಿಗೆ ತಲೆ ಒದರಲು ಶುರು. ಎಡಗಿವಿ ಕೆಳಗೆ ಮಾಡಿ ತಲೆ ವಾಲಿಸಿಕೊಂಡು ನಿಲ್ಲುತ್ತಿದ್ದ. ಮುಟ್ಟಿದರೆ ಕುಂಯ್ ಅನ್ನುತ್ತಿದ್ದ. ಮಾರನೇ ದಿನ ಬೆಳಿಗ್ಗೆಯೇ ಕರೆದುಕೊಂಡು ಹೋದೆ.

ಎಲ್ಲಿಗೆ ಅಂತ ಹೆಸರು ಹೇಳುವುದಿಲ್ಲ. ದೊಡ್ಡ ಗಾಜಿನ ಬಾಗಿಲು, ಗೋಡೆ ತುಂಬ ನಗುವ ನಾಯಿಗಳ ಫೋಟೋ, ನೂರಾರು ಐದು ಸ್ಟಾರ್ ರಿವ್ಯೂ. ಹೋದ ಕೂಡಲೇ ಗುಂಡನಿಗೆ ಒಂದು ಬಿಸ್ಕತ್ತು, ನನಗೆ ಒಂದು ಫಾರಂ. (ಆ ಬಿಸ್ಕತ್ತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಅದರ ವಿಷಯ ಬರುತ್ತದೆ.) ಡಾಕ್ಟರು ಬಂದರು, ಕಿವಿಯ ಹೊರಗಿನ ಚರ್ಮವನ್ನು ಬೆರಳಲ್ಲಿ ಎತ್ತಿ ನೋಡಿದರು, ಕೆಂಪಾಗಿದೆ ಅಂದರು, ಕಂಪ್ಯೂಟರಿನ ಕಡೆ ತಿರುಗಿದರು. "ಅಲರ್ಜಿ ಸರ್. ಈಗ ಎಲ್ಲ ನಾಯಿಗಳಿಗೂ ಇದೇ." ಎರಡು ನಿಮಿಷವೂ ಆಗಿರಲಿಲ್ಲ.

ಆಮೇಲೆ ಪಟ್ಟಿ ಬಂತು. ಅಲರ್ಜಿಗೆ ರಕ್ತ ಪರೀಕ್ಷೆ, ಕಿವಿಗೆ ಹನಿ ಔಷಧಿ, ಶಾಂಪೂ, ಅವರಲ್ಲೇ ಸಿಗುವ ವಿಶೇಷ ಆಹಾರದ ಮೂಟೆ, ಜೊತೆಗೆ ತಿಂಗಳ ಕಂತಿನಲ್ಲಿ ಕಟ್ಟುವ ವರ್ಷದ ಪ್ಲಾನ್. ಪ್ಲಾನ್ ತಗೊಂಡರೆ ಇವತ್ತಿನ ಬಿಲ್ ಕಮ್ಮಿ ಆಗುತ್ತದಂತೆ. ನಾನು ಕೇಳಿದ್ದು ಒಂದೇ ಪ್ರಶ್ನೆ. "ಎಲ್ಲ ಸೇರಿ ಒಟ್ಟು ಎಷ್ಟಾಗಬಹುದು, ಒಂದು ಅಂದಾಜು ಬರೆದು ಕೊಡ್ತೀರಾ?"

ಡಾಕ್ಟರು ತಲೆ ಎತ್ತಿ ನನ್ನನ್ನು ನೋಡಿದರು. "ಸರ್, ನಿಮ್ಮ ಮಗುಗೆ ಹುಷಾರಿಲ್ಲದಿದ್ರೆ ಹೀಗೇ ರೇಟ್ ಕೇಳ್ತಿದ್ರಾ?"

ಅಲ್ಲೇ ನಾನು ಬಿದ್ದದ್ದು. ಪಕ್ಕದಲ್ಲಿ ಇನ್ನೊಬ್ಬರು ಬೆಕ್ಕಿನ ಬುಟ್ಟಿ ಹಿಡಿದು ಕೂತಿದ್ದರು, ಅವರೂ ನನ್ನ ಕಡೆ ನೋಡಿದರು. ಮುಖ ಬಿಸಿಯಾಯಿತು. ನಾಯಿಯ ನೋವಿಗಿಂತ ದುಡ್ಡು ದೊಡ್ಡದು ಅನ್ನುವ ಮನುಷ್ಯ ಅಂತ ಅನ್ನಿಸಿಕೊಳ್ಳುವುದು ಬೇಡ ಅಂತ ಕಾರ್ಡ್ ಕೊಟ್ಟೆ, ಎಲ್ಲಿ ಹೇಳಿದರೋ ಅಲ್ಲಿ ಸಹಿ ಹಾಕಿದೆ, ಓದಲೂ ಇಲ್ಲ. ಬೇರೆ ಯಾವ ಅಂಗಡಿಯಲ್ಲಾದರೂ ರೇಟ್ ಕೇಳದೆ ಒಂದು ಸ್ಕ್ರೂ ಕೂಡ ತಗೊಳ್ಳದವನು ನಾನು. ಇಲ್ಲಿ ಕೇಳಿದ್ದಕ್ಕೆ ನಾನೇ ತಲೆ ತಗ್ಗಿಸಿದೆ. ಈಗ ಯೋಚಿಸಿದರೆ ಆ ಮಾತನ್ನು ಅವರು ದಿನಕ್ಕೆ ಹತ್ತು ಸಲ ಹೇಳುತ್ತಾರೆ ಅನ್ನಿಸುತ್ತದೆ. ಅಷ್ಟು ಸಲೀಸಾಗಿ ಬಂತು ಬಾಯಿಂದ.

ಮನೆಗೆ ಬಂದರೆ ತಂಗಿ ಕೇಳಿದಳು, "ಅಣ್ಣಾ, ಕಿವಿಯೊಳಗೆ ಲೈಟ್ ಬಿಟ್ಟು ನೋಡಿದ್ರಾ?" ನಾನು ರೇಗಿದೆ. ನೀನೇನು ಡಾಕ್ಟರಾ ಅಂದೆ. ಹೌದು, ಹಾಗೇ ಅಂದೆ.

ಎರಡು ವಾರ ಹನಿ ಹಾಕಿದೆ. ಕಮ್ಮಿ ಆಗಲಿಲ್ಲ. ಹೋದೆ. ಬೇರೆ ಹನಿ ಕೊಟ್ಟರು. ಅಲರ್ಜಿ ರಿಪೋರ್ಟ್ ಬಂತು, ಬಣ್ಣಬಣ್ಣದ್ದು, ಹಸಿರು ಹಳದಿ ಕೆಂಪು ಗೆರೆಗಳು. ಹುಟ್ಟಿದಾಗಿಂದ ಗುಂಡ ಮೂಸಿಯೂ ನೋಡದ ಪದಾರ್ಥಕ್ಕೂ ಕೆಂಪು ಗೆರೆ. ಅದನ್ನು ತೋರಿಸಿದೆ. "ಅದೇ ಸರ್ ವಿಶೇಷ, ಮುಂಚೆಯೇ ಗೊತ್ತಾಗುತ್ತೆ" ಅಂದರು. ಸರಿ ಅಂದೆ. ಮತ್ತೆ ಹೋದೆ, ಮೂರನೇ ಹನಿ. ಐದನೇ ವಾರದ ಹೊತ್ತಿಗೆ ಕಿವಿಯಿಂದ ಕೊಳೆತ ವಾಸನೆ. ಫೋನ್ ಮಾಡಿದರೆ, "ಆಹಾರ ಬದಲಾಯಿಸಿ ಇನ್ನೂ ಸಾಕಷ್ಟು ದಿನ ಆಗಿಲ್ಲ ಸರ್, ನೀವು ಪೇಷನ್ಸ್ ಇಟ್ಕೋಬೇಕು." ಪ್ರತಿ ಸಲ ಹೋದಾಗಲೂ ಕೌಂಟರಿನಲ್ಲಿ ಬಿಸ್ಕತ್ತು. ಗುಂಡ ಆ ಬಿಸ್ಕತ್ತಿಗಾಗಿ ಬಾಲ ಅಲ್ಲಾಡಿಸುತ್ತಿದ್ದ, ಪಾಪ, ತಲೆ ವಾಲಿಸಿಕೊಂಡೇ.

ಒಂಬತ್ತನೇ ವಾರ ಅವನು ಊಟ ಬಿಟ್ಟ. ಬಾಯಿ ತೆರೆದರೆ ನೋವು. ಅವತ್ತು ಅವರ ಹತ್ತಿರ ಸಮಯ ಸಿಗಲಿಲ್ಲ, ಅದೇ ನಮ್ಮ ಅದೃಷ್ಟ. ತಂಗಿ ಒಂದು ಚಿಕ್ಕ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗೋಣ ಅಂದಳು. ಒಂದೇ ಕೋಣೆ, ಸ್ವಲ್ಪ ವಯಸ್ಸಾದ ಡಾಕ್ಟರಮ್ಮ. ಕಂಪ್ಯೂಟರ್ ಆನ್ ಕೂಡ ಆಗಿರಲಿಲ್ಲ.

ಅವರು ಕೇಳಿದ ಮೊದಲ ಪ್ರಶ್ನೆ: "ಒಂದೇ ಕಿವಿನಾ, ಎರಡೂನಾ?" ಒಂದೇ ಅಂದೆ. "ನಿಧಾನಕ್ಕೆ ಜಾಸ್ತಿ ಆಯ್ತಾ, ಒಂದೇ ದಿನಕ್ಕೆ ಬಂತಾ?" ಒಂದೇ ರಾತ್ರಿ ಅಂದೆ. "ಹಿಂದಿನ ದಿನ ಹುಲ್ಲಲ್ಲಿ ಓಡಾಡಿದ್ನಾ?" ನಾನು ಬಾಯಿ ತೆರೆದು ನಿಂತೆ. ಆರು ಸಲ ಹೋದ ಕಡೆ ಇದನ್ನು ಯಾರೂ ಕೇಳಿರಲಿಲ್ಲ. ಅಲರ್ಜಿಯಾದರೆ ಸಾಮಾನ್ಯವಾಗಿ ಎರಡೂ ಕಿವಿಗೆ ಬರುತ್ತದೆ, ಪಂಜ ನೆಕ್ಕುವುದು, ಮೈ ಕೆರೆಯುವುದು ಎಲ್ಲ ಜೊತೆಗಿರುತ್ತದೆ, ಒಂದೇ ಕಿವಿಗೆ ದಿಢೀರ್ ಅಂತ ಬಂದರೆ ಮೊದಲು ಒಳಗೆ ಏನಾದರೂ ಹೊಕ್ಕಿದೆಯಾ ಅಂತ ನೋಡಬೇಕು ಅಂದರು. ನಾಯಿಯ ಕಿವಿ ಒಳಗೆ ನೇರ ಇರುವುದಿಲ್ಲವಂತೆ. ಕೆಳಗೆ ಇಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಹೊರಗಿಂದ ಎಷ್ಟು ನೋಡಿದರೂ ತಿರುವಿನ ಆಚೆ ಏನೂ ಕಾಣುವುದಿಲ್ಲ. ಅದಕ್ಕೇ ಓಟೋಸ್ಕೋಪ್ ಅನ್ನುವ, ಲೈಟ್ ಬಿಟ್ಟು ಕಿವಿಯೊಳಗೆ ನೋಡುವ ಉಪಕರಣ ಇರುವುದು.

ಮೊದಲು ಒಳ್ಳೆಯ ಕಿವಿ ನೋಡಿದರು, ಆಮೇಲೆ ಎಡಗಿವಿಗೆ ಬಂದರು. ಮುಟ್ಟಲೂ ಬಿಡಲಿಲ್ಲ ಗುಂಡ. ಮಂಪರು ಬರಿಸಿ ನೋಡಬೇಕು ಅಂದರು. ನನಗೆ ಎದೆ ಧಸಕ್ ಅಂತು, ಮತ್ತೆ ಬಿಲ್ ಅಂತ. ಆದರೆ ನಾನು ಬಾಯಿ ಬಿಡುವ ಮುಂಚೆಯೇ ಅವರು ಒಂದು ಅರ್ಧ ಹಾಳೆ ತಗೊಂಡು ಬರೆಯಲು ಶುರು ಮಾಡಿದರು. ಮಂಪರಿನ ಔಷಧಿಗೆ ಇಷ್ಟು, ತೊಳೆಯಲು ಇಷ್ಟು, ಒಳಗೆ ಏನಾದರೂ ಸಿಕ್ಕಿ ತೆಗೆಯಬೇಕಾದರೆ ಇಷ್ಟು, ಕಿವಿಯ ತಮಟೆ ಹರಿದಿದ್ದರೆ ಮುಂದಿನ ಖರ್ಚು ಇಷ್ಟು. ಕಮ್ಮಿ ಅಂದರೆ ಇಷ್ಟು, ಜಾಸ್ತಿ ಅಂದರೆ ಇಷ್ಟು. "ಇದು ಇವತ್ತೇ ಆಗಬೇಕು. ಇದೊಂದು ಬೇಕಾದ್ರೆ ಮುಂದಿನ ತಿಂಗಳು ಮಾಡಿಸಿ, ಅವಸರ ಇಲ್ಲ." ಇಷ್ಟೇ. ಇಷ್ಟು ಸುಲಭ ಇತ್ತು! ನಾನು ಕೇಳಿ ಅವಮಾನ ಮಾಡಿಸಿಕೊಂಡ ಆ ಹಾಳೆ ಕೇಳದೆಯೇ ಬಂತು.

ಅರ್ಧ ಗಂಟೆಯಲ್ಲಿ ಮುಗಿಯಿತು. ಉದ್ದನೆಯ, ತುದಿ ಮೊಸಳೆ ಬಾಯಿಯಂತಿರುವ ಚಿಮುಟದಲ್ಲಿ ಎಳೆದು ತಂದು ತೋರಿಸಿದರು. ಕೀವು ಮೆತ್ತಿದ ಒಂದು ಹುಲ್ಲಿನ ತೆನೆ ಮುಳ್ಳು. ಅದರ ಕೂದಲುಗಳೆಲ್ಲ ಒಂದೇ ದಿಕ್ಕಿಗೆ. ಹಾಗಾಗಿ ನಾಯಿ ತಲೆ ಒದರಿದಷ್ಟೂ ಒಳಗೇ ಹೋಗುತ್ತದೆ, ಹೊರಗೆ ಬರುವುದಿಲ್ಲ. ತಮಟೆ ತೂತಾಗಿತ್ತು. ಡಾಕ್ಟರಮ್ಮ ನಾನು ತಂದಿದ್ದ ಹನಿ ಬಾಟಲಿಗಳನ್ನು ತಿರುಗಿಸಿ ಓದಿ ಸುಮ್ಮನಾದರು. ಆಮೇಲೆ ಮೆಲ್ಲಗೆ, "ತಮಟೆ ಸರಿ ಇದೆಯಾ ಅಂತ ನೋಡದೆ ಇದರಲ್ಲಿ ಒಂದನ್ನ ಹಾಕಬಾರದಿತ್ತು" ಅಂದರು. ತೂತಿನ ಮೂಲಕ ಒಳಕಿವಿಗೆ ಹೋದರೆ ಅಂಥ ಕೆಲವು ಔಷಧಿಗಳು ಕಿವುಡು ಮಾಡಬಹುದಂತೆ. ನಾನೇ ನನ್ನ ಕೈಯಾರೆ ಬೆಳಿಗ್ಗೆ ಸಂಜೆ ಹಾಕಿದ್ದೆ. ಪುಣ್ಯಕ್ಕೆ ಗುಂಡನಿಗೆ ಕೇಳಿಸುತ್ತಿದೆ. ತಮಟೆಯೂ ಈಗ ಕೂಡಿಕೊಂಡಿದೆ.

ಅಲರ್ಜಿ ರಿಪೋರ್ಟ್ ತೋರಿಸಿದೆ. ಆಹಾರದ ಅಲರ್ಜಿಯನ್ನು ರಕ್ತ ಪರೀಕ್ಷೆಯಿಂದ ನಂಬುವ ಹಾಗೆ ಹೇಳಲು ಆಗುವುದಿಲ್ಲ ಅಂದರು. ಸರಿಯಾದ ದಾರಿ ಅಂದರೆ ಸುಮಾರು 8 ವಾರ ಒಂದೇ ಥರದ ಗೊತ್ತುಪಡಿಸಿದ ಆಹಾರ ಕೊಟ್ಟು, ಆಮೇಲೆ ಹಳೆಯ ಊಟ ವಾಪಸ್ ಕೊಟ್ಟು ನೋಡುವುದು. ಆ 8 ವಾರ ಬೇರೆ ಏನೂ ಬಾಯಿಗೆ ಬೀಳಬಾರದು. ಒಂದು ತುಂಡು ಬಿಸ್ಕತ್ತು ಕೂಡ! ನನಗೆ ನಗು ಬಂತೋ ಅಳು ಬಂತೋ ಗೊತ್ತಿಲ್ಲ. ಅಷ್ಟು ದುಬಾರಿ ಆಹಾರದ ಮೂಟೆ ನನಗೆ ಹೊರಿಸಿ, ಅದೇ ಕೌಂಟರಿನಲ್ಲಿ ಅವರೇ ಬಿಸ್ಕತ್ತು ತಿನ್ನಿಸುತ್ತಿದ್ದರು.

ಆ ರಾತ್ರಿ ಹಳೆಯ ಬಿಲ್‌ಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತೆ. ಮೊದಲ ಸಲ ಸಾಲು ಸಾಲಾಗಿ ಓದಿದೆ. "ಇಯರ್ ಸೈಟಾಲಜಿ" ಅಂತ ನಾಲ್ಕು ಬಿಲ್‌ನಲ್ಲಿ ಇತ್ತು. ಅಂದರೆ ಹತ್ತಿಕಡ್ಡಿಯಲ್ಲಿ ಕಿವಿಯ ಕೊಳೆ ತೆಗೆದು, ಗಾಜಿನ ಮೇಲೆ ಸವರಿ, ಮೈಕ್ರೋಸ್ಕೋಪಿನಲ್ಲಿ ಬ್ಯಾಕ್ಟೀರಿಯಾ ಇದೆಯಾ ಶಿಲೀಂಧ್ರ ಇದೆಯಾ ಅಂತ ನೋಡುವುದು. ಅದನ್ನು ನೋಡಿಯೇ ಯಾವ ಹನಿ ಅಂತ ನಿರ್ಧಾರ ಮಾಡಬೇಕು. ಗುಂಡನ ಕಿವಿಗೆ ಹತ್ತಿಕಡ್ಡಿ ಹೋದದ್ದನ್ನು ನಾನು ಒಂದು ಸಲವೂ ನೋಡಿಲ್ಲ. ಆರೂ ಸಲ ಅವನನ್ನು ಹಿಡಿದುಕೊಂಡಿದ್ದವನು ನಾನೇ.

ಮಾರನೇ ದಿನ ಹೋದೆ. ಕೌಂಟರಿನ ಹುಡುಗಿ: "ಅದು ಸಿಸ್ಟಮ್‌ನಲ್ಲಿ ಪ್ಯಾಕೇಜ್ ಆಗಿ ಬರುತ್ತೆ ಸರ್." ಮಾಡದ ಪರೀಕ್ಷೆ ಪ್ಯಾಕೇಜಿನಲ್ಲಿ ಹೇಗೆ ಬರುತ್ತದೆ ಅಂದೆ. "ಸರ್, ನೀವು ಸಹಿ ಹಾಕಿದ್ದೀರಲ್ವಾ." ಡಾಕ್ಟರನ್ನು ಕರೆಸಿದೆ. ಡಬ್ಬಿಯಲ್ಲಿದ್ದ ಮುಳ್ಳನ್ನು ಟೇಬಲ್ ಮೇಲೆ ಇಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಹೇಳಿದ್ದೇನು ಗೊತ್ತಾ? "ಆಗ ಇದು ಇರಲಿಲ್ಲ. ಆಮೇಲೆ ಹೊಕ್ಕಿರಬಹುದು." ಮೊದಲ ದಿನದಿಂದ ಕುತ್ತಿಗೆಗೆ ಅವರೇ ಮಾರಿದ, ತಲೆ ಸುತ್ತ ಬರುವ ಪ್ಲಾಸ್ಟಿಕ್ ಕೋನ್ ಹಾಕಿಕೊಂಡು ಟಾರು ರಸ್ತೆಯಲ್ಲಿ ಮಾತ್ರ ನಡೆದ ನಾಯಿಗೆ, ಆಮೇಲೆ ಹೊಕ್ಕಿತಂತೆ! ನೋಡಿದ್ದರೆ ತಾನೇ ಇತ್ತೋ ಇರಲಿಲ್ಲವೋ ಹೇಳಲು? ನೋಡೇ ಇಲ್ಲವಲ್ಲ!

ಪ್ಲಾನ್ ನಿಲ್ಲಿಸಿ ಅಂದೆ. ನಿಲ್ಲಿಸಬಹುದು, ಆದರೆ ಇಷ್ಟು ದಿನ ಕೊಟ್ಟ ರಿಯಾಯಿತಿಯನ್ನೆಲ್ಲ ನಾನು ವಾಪಸ್ ಕಟ್ಟಬೇಕಂತೆ. ಅದು ಉಳಿದ ಕಂತುಗಳಿಗಿಂತ ಜಾಸ್ತಿ. ಮೂರನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದೆ, ನಾನು ಓದಿಲ್ಲ, ನನ್ನದೇ ತಪ್ಪು. ಈಗಲೂ ಕಟ್ಟುತ್ತಿದ್ದೇನೆ. ಹೋದ ವಾರ ಅವರಿಂದ ಮೆಸೇಜ್ ಬಂತು, "ಗುಂಡನ ಅಲರ್ಜಿ ತಪಾಸಣೆಯ ಸಮಯವಾಗಿದೆ."

ದುಡ್ಡು ಹೋಗಲಿ. ನನಗೆ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಇಷ್ಟೆಲ್ಲ ಆದ ಮೇಲೆ ಬುದ್ಧಿ ಬಂದು ಗುಂಡನಿಗೆ ಇನ್ಶೂರೆನ್ಸ್ ಮಾಡಿಸಲು ಹೋದೆ. ಅವರು ಹಳೆಯ ದಾಖಲೆ ಕೇಳಿದರು. ಅದರಲ್ಲಿ "ದೀರ್ಘಕಾಲದ ಅಲರ್ಜಿ" ಅಂತ ಬರೆದಿದೆ. ಪಾಲಿಸಿ ತಗೊಳ್ಳುವ ಮೊದಲೇ ಇರುವ ಕಾಯಿಲೆಗೆ ಸಾಮಾನ್ಯವಾಗಿ ಇನ್ಶೂರೆನ್ಸ್ ದುಡ್ಡು ಕೊಡುವುದಿಲ್ಲ, ಅದು ಗೊತ್ತಿರುವ ವಿಷಯ. ಹಾಗಾಗಿ ಕಿವಿ, ಚರ್ಮ ಎರಡನ್ನೂ ಹೊರಗಿಟ್ಟರು. ಇಲ್ಲದ ಕಾಯಿಲೆಗೆ! ತಿದ್ದಿ ಕೊಡಿ ಅಂತ ಕ್ಲಿನಿಕ್ಕಿಗೆ ಬರೆದರೆ ಒಂದು ಸಾಲಿನ ಉತ್ತರ: "ಅದು ಡಾಕ್ಟರ ಅಭಿಪ್ರಾಯ, ಬದಲಾಯಿಸಲು ಬರುವುದಿಲ್ಲ."

ಹಾಗಂತ ಡಾಕ್ಟರ ಹತ್ತಿರವೇ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಗಂಡು ಬೆಕ್ಕು ಮುಕ್ಕರಿಯುತ್ತಿದೆ, ಮೂತ್ರ ಬರುತ್ತಿಲ್ಲ ಅಂದರೆ, ಇಲ್ಲಾ ನಾಯಿಯ ಹೊಟ್ಟೆ ಊದಿಕೊಂಡು ವಾಂತಿಗೆ ಒತ್ತಿದರೂ ಏನೂ ಬರುತ್ತಿಲ್ಲ ಅಂದರೆ, ರೇಟು ಗೀಟು ಅಂತ ನಿಲ್ಲದೆ ಹತ್ತಿರ ಯಾರು ಸಿಕ್ಕಿದರೂ ಓಡಿ, ಅಲ್ಲಿ ಲೆಕ್ಕ ಗಂಟೆಗಳದ್ದು. ಖರ್ಚು ಉಳಿಸಲು ಮನೆಯಲ್ಲಿರುವ ಮನುಷ್ಯರ ಮಾತ್ರೆಯನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. ನಾನೇ ಏಳನೇ ವಾರದಲ್ಲಿ ಗುಂಡನಿಗೆ ನನ್ನ ಐಬುಪ್ರೊಫೇನ್ ಅರ್ಧ ಮುರಿದು ಕೈಯಲ್ಲಿ ಹಿಡಿದುಕೊಂಡಿದ್ದೆ. ತಂಗಿ ಕಿತ್ತುಕೊಂಡಳು. ಅದು ನಾಯಿಯ ಹೊಟ್ಟೆಗೂ ಕಿಡ್ನಿಗೂ ವಿಷ ಅಂತ ಆಮೇಲೆ ಗೊತ್ತಾಯಿತು. ಆ ಹುಡುಗಿಗೆ ನಾನು ಎಷ್ಟು ಸಲ ಕ್ಷಮೆ ಕೇಳಬೇಕೋ.

ಆದರೆ ಅವಸರ ಇಲ್ಲದ ಕಡೆ ಬಾಯಿ ಬಿಟ್ಟು ಕೇಳಿ. ಅಂದಾಜು ಬರೆದು ಕೊಡಿ ಅನ್ನಿ, ಕಮ್ಮಿ ಜಾಸ್ತಿ ಎರಡೂ. ಈ ಪರೀಕ್ಷೆಯ ಫಲಿತಾಂಶ ಬಂದರೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಅಂತ ಕೇಳಿ. ಏನೂ ಬದಲಾಗುವುದಿಲ್ಲ ಅಂದರೆ ಅದು ಯಾಕೆ? ದಾಖಲೆಯ ಪ್ರತಿಯನ್ನು ಅವತ್ತೇ ತಗೊಳ್ಳಿ, ಏನು ಬರೆದಿದ್ದಾರೆ ಅಂತ ಅಲ್ಲೇ ನಿಂತು ಓದಿ. ಕಂತಿನ ಪ್ಲಾನ್ ಆದರೆ ನಿಲ್ಲಿಸುವುದು ಹೇಗೆ ಅನ್ನುವ ಪುಟ ಮೊದಲು. ಮತ್ತೆ ಯಾರಾದರೂ "ನಿಮ್ಮ ಮಗು ಆಗಿದ್ರೆ" ಅಂತ ಶುರು ಮಾಡಿದರೆ ನಾಯಿಯ ಬೆಲ್ಟ್ ಹಿಡಿದು ಎದ್ದು ಬನ್ನಿ. ನಾನು ಅವತ್ತು ಏಳಲಿಲ್ಲ. ಗಾಜಿನ ಬಾಗಿಲು ನೋಡಬೇಡಿ, ಪ್ರಶ್ನೆ ಕೇಳುವ ಡಾಕ್ಟರನ್ನು ಹುಡುಕಿ. ದೊಡ್ಡ ಜಾಗದಲ್ಲೂ ಒಳ್ಳೆಯವರಿರುತ್ತಾರೆ ಅಂತ ಡಾಕ್ಟರಮ್ಮನೇ ಹೇಳಿದರು. ಇರಬಹುದು. ನನಗೆ ಸಿಗಲಿಲ್ಲ.

ಡಾಕ್ಟರಮ್ಮ ಈಗ ಒಂದು ಪತ್ರ ಬರೆದು ಕೊಟ್ಟಿದ್ದಾರೆ, ಮುಳ್ಳಿನ ಫೋಟೋ ಸಮೇತ, ಇದು ಅಲರ್ಜಿ ಅಲ್ಲ ಅಂತ. ಅದನ್ನು ಇನ್ಶೂರೆನ್ಸ್‌ನವರಿಗೆ ಕಳಿಸಿ ಹನ್ನೊಂದು ದಿನ ಆಯಿತು, ಪರಿಶೀಲನೆಯಲ್ಲಿದೆ ಅನ್ನುತ್ತಿದ್ದಾರೆ. ಮುಳ್ಳು ಡಬ್ಬಿಯಲ್ಲೇ ಇದೆ, ಬಿಸಾಡಿಲ್ಲ. ಅವರು ಅದನ್ನೂ ಕೇಳಿದರೆ ಕೊಡಬೇಕಲ್ಲ.